ವಾರ್ತೆಗಳು, ಓದುತ್ತಿರುವವರು…

ತುಮಕೂರಿನ ಅಮಾನಿಕೆರೆಯಲ್ಲಿ ನಾವು ನಾಲ್ಕು ಜನ ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತೇವೆ. ಮನೆಯಲ್ಲಿ ಹಾಗಂತ ಹೇಳಿದ್ದೇವೆ. ನಿಜವಾಗಿ ನಡೆಯುವುದು ಗೇಟಿನಿಂದ ಬೆಂಚಿನವರೆಗೆ. ಅಲ್ಲಿಂದ ಮುಂದೆ ಕಾಲಿಗೆ ರಜಾ, ಬಾಯಿಗೆ ಡ್ಯೂಟಿ.

ನಾಲ್ವರೆಂದರೆ ನಾನು, ತಿಪಟೂರಿನ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುವ ಸೀನ, ಒಂದು ಕಾಲಕ್ಕೆ ಮನೆಮನೆಗೆ ಕೇಬಲ್ ಎಳೆದು ಈಗ ಇಂಟರ್‌ನೆಟ್ ಎಳೆಯುವ 'ಕೇಬಲ್', ಮತ್ತೆ ನಮ್ಮ ಮೂವರಿಗೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಮೇಷ್ಟ್ರಿಗೆ 80 ದಾಟಿದೆ. ನಮಗಿಂತ ಅವರೇ ಚುರುಕು.

ಮೊನ್ನೆ ಮೇಷ್ಟ್ರು ಯಾವತ್ತಿಗಿಂತ ಮುಂಚೆ ಬಂದು ಕೂತಿದ್ದರು.

"ಏನು ಸಾರ್, ಇಷ್ಟು ಬೇಗ?"

"ಮೊಮ್ಮಗಳಿಗೆ ನಾಳೆ ಬೆಂಗಳೂರಿನಲ್ಲಿ ಸ್ಕ್ರೀನ್ ಟೆಸ್ಟ್ ಅಂತೆ ಕಣಯ್ಯ. ಟಿವಿಯಲ್ಲಿ ಸುದ್ದಿ ಓದುತ್ತಾಳಂತೆ. ಬೆಳಿಗ್ಗೆ ಐದು ಗಂಟೆಗೆ ಕನ್ನಡಿ ಮುಂದೆ ನಿಂತು 'ಇದೀಗ ಬಂದ ಸುದ್ದಿ' ಅಂತ ಕಿರುಚಿದಳು. ಗ್ಯಾಸ್ ಲೀಕ್ ಆಗಿದೆ ಅಂದುಕೊಂಡು ಓಡಿ ಬಂದೆ. ಬಂದಿದ್ದಾಯಿತಲ್ಲ, ಇಲ್ಲೇ ಕೂತೆ."

ಸೀನ ನನ್ನ ಕಡೆ ನೋಡಿದ. ಕೇಬಲ್ ಕೂಡ ನೋಡಿದ. ನಾನು ಕೆರೆ ನೋಡಿದೆ. ಯಾಕೆಂದರೆ ಈ ಬೆಂಚಿನ ಮೇಲೆ ಸುದ್ದಿ ಓದಿದ ಅನುಭವ ಇರುವವನು ನಾನೊಬ್ಬನೇ. ಆ ಕಥೆಗೆ ಆಮೇಲೆ ಬರುತ್ತೇನೆ. ನಾನು ಬರದಿದ್ದರೂ ಇವರು ಎಳೆದು ತರುತ್ತಾರೆ.

"ಸುದ್ದಿ ಅಂದರೆ ರೇಡಿಯೋ ಕಾಲದ್ದು ಸಾರ್" ಅಂದ ಸೀನ. "ಬೆಳಿಗ್ಗೆ 6:55. 'ಇಯಮ್ ಆಕಾಶವಾಣೀ. ಸಂಪ್ರತಿ ವಾರ್ತಾಃ ಶ್ರೂಯಂತಾಮ್. ಪ್ರವಾಚಕಃ ಬಲದೇವಾನಂದ ಸಾಗರಃ.' ಆಹಾ! ಈಗಲೂ ಬಾಯಿಗೆ ಬರುತ್ತೆ ನೋಡಿ."

"ಅದಾದ ಮೇಲೆ ಏನು ಸುದ್ದಿ ಹೇಳುತ್ತಿದ್ದರು?" ಮೇಷ್ಟ್ರು ಕೇಳಿದರು.

"ಯಾರಿಗೆ ಗೊತ್ತು? ಅವರು ಶುರು ಮಾಡಿದರೆ ನಾನು ಬಚ್ಚಲಿಗೆ ಹೋಗಬೇಕು, ಮುಗಿಸಿದರೆ ಇಡ್ಲಿಗೆ ಬರಬೇಕು. ನಮ್ಮಮ್ಮನ ರೂಲ್ಸು."

ಆಕಾಶವಾಣಿಯಲ್ಲಿ ಸಂಸ್ಕೃತ ವಾರ್ತೆ ಶುರುವಾಗಿದ್ದು 1974ರ ಜೂನ್ 30ಕ್ಕೆ. ಅಲ್ಲಿಂದ ಈಚೆಗೆ ಕರ್ನಾಟಕದಲ್ಲಿ ಎಷ್ಟು ಮಕ್ಕಳು ಆ ಐದು ನಿಮಿಷದಲ್ಲಿ ಸ್ನಾನ ಮುಗಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ. ಸುದ್ದಿ ಒಂದೂ ನೆನಪಿಲ್ಲ. ಓದಿದವರ ಹೆಸರು ಮಾತ್ರ ಅಳಿಸಿಲ್ಲ.

"ಟಿವಿಯಲ್ಲೂ ಅಷ್ಟೇ" ಅಂದ ಕೇಬಲ್. "ದೆಹಲಿಯಿಂದ ಸಲ್ಮಾ ಸುಲ್ತಾನ್ ಬರುತ್ತಿದ್ದರಲ್ಲ. ಹಿಂದಿ ಯಾರಿಗೆ ಬರುತ್ತಿತ್ತು ನಮ್ಮ ಬೀದಿಯಲ್ಲಿ? ಆದರೂ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಕಿವಿ ಪಕ್ಕ ಗುಲಾಬಿ ಮುಡಿದಿದ್ದಾರಾ ಇಲ್ಲವಾ ನೋಡೋಕೆ."

"ಕೆಂಪು ಗುಲಾಬಿ" ಅಂದ ಸೀನ.

"ಲೋ, ನಿಮ್ಮ ಬೀದಿಯಲ್ಲಿ ಇದ್ದಿದ್ದು ಕಪ್ಪು-ಬಿಳುಪು ಟಿವಿ ಕಣೋ."

"ನನಗೆ ಕೆಂಪಾಗೇ ಕಾಣುತ್ತಿತ್ತು."

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೆಲವು ವಿಷಯದಲ್ಲಿ ಸೀನನ ಜೊತೆ ವಾದ ಮಾಡಬಾರದು.

ಆಕೆ 1967ರಿಂದ 1997ರವರೆಗೆ, 30 ವರ್ಷ ದೂರದರ್ಶನದಲ್ಲಿ ಸುದ್ದಿ ಓದಿದವರು. ಒಂದೇ ಒಂದು ಸಂಜೆಯ ಸುದ್ದಿ ಮಾತ್ರ ಎಲ್ಲರಿಗೂ ನೆನಪಿದೆ. 1984ರ ಅಕ್ಟೋಬರ್ 31. ಇಂದಿರಾ ಗಾಂಧಿ ಹತ್ಯೆಯ ಸುದ್ದಿ ದೂರದರ್ಶನದಲ್ಲಿ ಮೊದಲು ಹೇಳಿದ್ದು ಅವರೇ. ಅವತ್ತು ಗುಲಾಬಿ ಇತ್ತಾ ಅಂತ ಸೀನನನ್ನೂ ಸೇರಿಸಿ ಯಾರೂ ನೋಡಲಿಲ್ಲ.

"ಅದಕ್ಕೂ ಮುಂಚೆ ಪ್ರತಿಮಾ ಪುರಿ ಅಂತ ಇದ್ದರು" ಅಂದರು ಮೇಷ್ಟ್ರು. "1965ರಲ್ಲಿ ದೂರದರ್ಶನದಲ್ಲಿ ದಿನದ ವಾರ್ತೆ ಶುರುವಾದಾಗ ಮೊದಲು ಓದಿದವರು. ಬರೀ ಐದು ನಿಮಿಷ."

"ಐದು ನಿಮಿಷ ಸಾಕಾ ಸಾರ್? ಈಗ ಅಷ್ಟು ಹೊತ್ತು ಬರೀ ಡಂಡಂಡಂ ಮ್ಯೂಸಿಕ್ಕೇ ಬರುತ್ತೆ."

"ಇನ್ನೂ ಕೇಳು. 1930ರ ಏಪ್ರಿಲ್ 18, ಗುಡ್ ಫ್ರೈಡೇ. ಬಿಬಿಸಿ ರೇಡಿಯೋದಲ್ಲಿ ಸುದ್ದಿ ಓದೋನು ಬಂದು 'ಇವತ್ತು ಸುದ್ದಿ ಇಲ್ಲ' ಅಂದ. ಉಳಿದ ಹೊತ್ತು ಪಿಯಾನೋ ಹಾಕಿಬಿಟ್ಟರು."

ಸೀನ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ. "ಆ ಕೆಲಸಕ್ಕೆ ಸಂಬಳ ಎಷ್ಟು ಸಾರ್?"

"ಈಗ ಹಾಗೆ ಮಾಡೋಕೆ ಆಗುತ್ತಾ?" ಅಂದ ಕೇಬಲ್. "ಇವತ್ತು ಸುದ್ದಿ ಇಲ್ಲ ಅಂದರೆ ಅದೇ ಬ್ರೇಕಿಂಗ್. 'ಸುದ್ದಿ ಎಲ್ಲಿ ಹೋಯಿತು? ಸುದ್ದಿ ಕಾಣೆಯಾದ ಹಿಂದೆ ಯಾರ ಕೈವಾಡ?' ನಾಲ್ಕು ಜನ ಜ್ಯೋತಿಷಿಗಳು ಕೂತಿರುತ್ತಾರೆ."

ಅವನ ಮಾತಿನಲ್ಲಿ ಹೊಟ್ಟೆಕಿಚ್ಚೂ ಇದೆ. 1994ರಲ್ಲಿ ಉದಯ ಟಿವಿ ಬಂದಾಗ ಇವನು ಊರಿನ ರಾಜ. ಇವನು ವೈರ್ ಕಿತ್ತರೆ ಇಡೀ ಬಡಾವಣೆ ಕತ್ತಲು. ಆ ಉತ್ಸಾಹದಲ್ಲೇ 1999ರಲ್ಲಿ ಊರಿಗೆಲ್ಲ ಕೇಳಿಸುವ ಹಾಗೆ ಲೋಕಲ್ ವಾರ್ತೆ ಶುರು ಮಾಡಿದ. ಓದುವುದಕ್ಕೆ ಸಿಕ್ಕವನು ನಾನು. ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ಕೂತಿದ್ದೆ, ದನಿ ಗಟ್ಟಿ ಇತ್ತು. ಬೇರೆ ಅರ್ಹತೆ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಸ್ಟುಡಿಯೋ ವೈಭವ ಹೇಳಲೇಬೇಕು. ಅವನ ಆಫೀಸಿನ ಮೇಲಿನ ರೂಮು. ಹಿಂದೆ ಮಂಡಿಪೇಟೆಯಲ್ಲಿ ತಂದ ನೀಲಿ ಪರದೆ. ಮುಂದೆ ಟೇಬಲ್, ಅದರ ಮೇಲೆ ಕೇರಂ ಬೋರ್ಡು, ಬೋರ್ಡಿನ ಮೇಲೆ ಬೆಡ್‌ಶೀಟು. ಕೋಟು ಕೇಬಲ್‌ನ ಮದುವೆಯದು. ನನಗೆ ಎರಡು ಸೈಜ್ ದೊಡ್ಡದು. ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ ನಾಲ್ಕು ಹಾಕಿ ಬಿಗಿ ಮಾಡುತ್ತಿದ್ದೆವು. ಸೊಂಟದಿಂದ ಮೇಲೆ ದೆಹಲಿ ದೂರದರ್ಶನ, ಸೊಂಟದಿಂದ ಕೆಳಗೆ ಲುಂಗಿ. ಕ್ಯಾಮೆರಾದ ವೈರು ನೇರವಾಗಿ ಕೇಬಲ್ ಲೈನಿಗೆ. ಅಂದರೆ ಬಾಯಿಂದ ಹೊರಟಿದ್ದು ಊರಿಗೆ ಮುಟ್ಟಿತು ಅಂತಲೇ ಲೆಕ್ಕ. ಕತ್ತರಿಸೋದು, ಜೋಡಿಸೋದು ಏನೂ ಇಲ್ಲ.

ತಿಂಗಳಿಗೆ 600 ರೂಪಾಯಿ ಸಂಬಳ. ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ. ಬೇಜಾರಾದರೆ ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿ ಸಮಾಧಾನ ಮಾಡುತ್ತಿದ್ದ. ನನ್ನ ಒಟ್ಟು ವೃತ್ತಿಜೀವನ 11 ತಿಂಗಳು.

"ಹನ್ನೊಂದಕ್ಕೇ ಯಾಕೆ ನಿಂತಿತು, ಹೇಳು" ಅಂದ ಸೀನ. ಅವನಿಗೆ ಗೊತ್ತು. ನೂರು ಸಲ ಕೇಳಿದ್ದಾನೆ.

"ಬೇಡ ಬಿಡೋ."

"ಹೇಳಯ್ಯ, ಸತ್ತವನೇ ಇಲ್ಲಿ ಕೂತಿದ್ದೇನೆ, ನಿನಗೇನು ಸಂಕೋಚ?" ಅಂದರು ಮೇಷ್ಟ್ರು.

ಆಗಿದ್ದು ಇಷ್ಟು. ಮೇಷ್ಟ್ರು ಆ ವರ್ಷ ನಿವೃತ್ತಿಯಾದರು. ಶಾಲೆಯಲ್ಲಿ ದೊಡ್ಡ ಸನ್ಮಾನ. ಅದೇ ದಿನ ಊರಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಎರಡೂ ಸುದ್ದಿ ಕೈಬರಹದಲ್ಲಿ ಹಾಳೆಗಳ ಮೇಲಿತ್ತು. ಹಾಳೆಗೆ ನಂಬರ್ ಇರಲಿಲ್ಲ. ಏಪ್ರಿಲ್ ಸೆಖೆ, ಕೋಟು ಬೇರೆ. ಬೆವರುತ್ತಿದ್ದೀನಿ ಅಂತ ಕೇಬಲ್ ಕರುಣೆಯಿಂದ ಫ್ಯಾನ್ ಹಾಕಿದ. ಹಾಳೆಗಳು ಹಾರಿದವು. ಅವನು ನೆಲದ ಮೇಲೆ ತೆವಳಿಕೊಂಡು ಹೋಗಿ ಆರಿಸಿ ಟೇಬಲ್ ಕೆಳಗಿನಿಂದ ಒಂದೊಂದಾಗಿ ಕೊಟ್ಟ. ನಾನು ಗಂಭೀರವಾಗಿ ಓದಿದೆ. "ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ನೀಡಿ ಗೌರವಿಸಲಾಯಿತು." ಹಾಳೆ ತಿರುಗಿಸಿದೆ. "ಅಂತ್ಯಕ್ರಿಯೆ ಇಂದು ಸಂಜೆ ನೆರವೇರಿತು. ಮೃತರು ಪತ್ನಿ, ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

"ನಾನು ಮನೆಯಲ್ಲಿ ಟಿವಿ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದೆ" ಅಂದರು ಮೇಷ್ಟ್ರು. "ಅರ್ಧ ಗಂಟೆಯಲ್ಲಿ ಮನೆ ತುಂಬಾ ಜನ. ಒಬ್ಬರು ಹಾರ ತಂದಿದ್ದರು. ಬಾಗಿಲು ತೆಗೆದವನು ನಾನೇ. ಅವರಿಗೆ ಹಾರ ಏನು ಮಾಡೋದು ಗೊತ್ತಾಗದೆ ನನ್ನ ಕೊರಳಿಗೇ ಹಾಕಿ ನಮಸ್ಕಾರ ಮಾಡಿ ಹೋದರು."

"ಮಾರನೇ ದಿನ ತಿದ್ದುಪಡಿ ಕೊಟ್ಟೆವಲ್ಲ ಸಾರ್" ಅಂದ ಕೇಬಲ್.

"ಕೊಟ್ಟಿರಿ. 'ನಿನ್ನೆಯ ವಾರ್ತೆಯಲ್ಲಿ ನಿಧನರಾದ ಮೇಷ್ಟ್ರು ಕ್ಷೇಮವಾಗಿದ್ದಾರೆ. ಇದಕ್ಕಾಗಿ ವಿಷಾದಿಸುತ್ತೇವೆ.' ನಾನು ಕ್ಷೇಮವಾಗಿರೋದಕ್ಕೆ ನಿಮಗೆ ವಿಷಾದ!"

ಸೀನ ಬೆಂಚಿನಿಂದ ಬೀಳುವುದೊಂದು ಬಾಕಿ.

"ಸಾರ್, ಇಷ್ಟು ವರ್ಷ ಆಯಿತು, ಕ್ಷಮಿಸಿಬಿಡಿ" ಅಂದೆ.

"ಸಾಯಿಸಿದ್ದಕ್ಕೆ ಅವತ್ತೇ ಕ್ಷಮಿಸಿದ್ದೀನಿ. ಆದರೆ 'ಹಾರ'ವನ್ನು 'ಆರ' ಅಂದೆ, 'ಶಾಲು'ವನ್ನು 'ಸಾಲು' ಅಂದೆ. ಮೂರು ವರ್ಷ ನನ್ನ ಕೈಕೆಳಗೆ ಕನ್ನಡ ಕಲಿತವನು. ಸಾಲು ಹೊದಿಸಿದರಂತೆ! ಅದಕ್ಕೆ ಕ್ಷಮೆ ಇಲ್ಲ."

ಮೇಷ್ಟ್ರ ಹುಚ್ಚು ಇದೇ. ನಮ್ಮ ಕಡೆ ಹಕಾರಕ್ಕೆ ಗ್ರಹಚಾರ ನೆಟ್ಟಗಿಲ್ಲ. ಹಣ ಹೋಗಿ ಅಣ, ಹಾಲು ಹೋಗಿ ಆಲು. ಬೀದಿಯಲ್ಲಿ ನಡೆಯುತ್ತೆ, ಚೆಂದವೂ ಹೌದು. ಆದರೆ ಟಿವಿಯಲ್ಲಿ 'ಅಗರಣ' ಅಂದರೆ ಮೇಷ್ಟ್ರು ರಿಮೋಟ್ ಎಸೆಯುತ್ತಾರೆ. "ಪಕ್ಕದ ಗುಬ್ಬಿಯಲ್ಲಿ ವೀರಣ್ಣನವರ ಕಂಪನಿ ಇತ್ತು. ಅದು ಶುರುವಾದ ಕಾಲಕ್ಕೆ ಮೈಕ್ ಎಲ್ಲಿತ್ತು? ಕೊನೇ ಸಾಲಿನವನಿಗೆ 'ಹ' ಬೇರೆ, 'ಅ' ಬೇರೆ ಕೇಳಿಸಬೇಕಿತ್ತು. ಈಗ ಎದೆ ಮೇಲೆ ಮೈಕ್ ಸಿಕ್ಕಿಸಿಕೊಂಡು ಕಿರುಚುತ್ತಾರೆ" ಅನ್ನುವುದು ಅವರ ಖಾಯಂ ಭಾಷಣ.

"ಅಪರ್ಣಾ ಇದ್ದರಲ್ಲ ಸಾರ್" ಅಂದೆ, ಮಾತು ತಿರುಗಿಸಲು.

ಮೇಷ್ಟ್ರ ಮುಖ ಮೆತ್ತಗಾಯಿತು. "ಆ ಹುಡುಗಿ ಕನ್ನಡ ಕನ್ನಡದ ಹಾಗೇ ಇರುತ್ತಿತ್ತು. ದೂರದರ್ಶನದಲ್ಲಿ ಅವಳ ನಿರೂಪಣೆ ಇದ್ದರೆ ನಾನು ಪುಸ್ತಕ ಮಡಚಿ ಕೇಳುತ್ತಿದ್ದೆ."

2024ರ ಜುಲೈ 11ರಂದು ಅಪರ್ಣಾ ತೀರಿಕೊಂಡರು. ಅದಾಗಿ ಕೆಲವು ದಿನಕ್ಕೆ ನಾನು ಬೆಂಗಳೂರಿಗೆ ಹೋಗಿ ಯಶವಂತಪುರದಲ್ಲಿ ಮೆಟ್ರೋ ಹತ್ತಿದೆ. "ಮುಂದಿನ ನಿಲ್ದಾಣ" ಅಂತ ಅವರದೇ ದನಿ ಬಂತು. ಫೋನ್ ನೋಡುತ್ತಿದ್ದ ಒಬ್ಬ ಹುಡುಗ ತಲೆ ಎತ್ತಿ ಸ್ಪೀಕರ್ ಕಡೆ ನೋಡಿದ. ನಾನೂ ನೋಡಿದೆ. ಇಳಿಯಬೇಕಾದ ಕಡೆ ಇಳಿಯಲಿಲ್ಲ, ಇನ್ನೆರಡು ನಿಲ್ದಾಣ ಹೋದೆ. ದೆಹಲಿ ಮೆಟ್ರೋದಲ್ಲೂ ಹೀಗೇ. ಅಲ್ಲಿ ಹಿಂದಿಯಲ್ಲಿ ಕೇಳಿಸುವುದು ಶಮ್ಮಿ ನಾರಂಗ್, ಇಂಗ್ಲಿಷಿನಲ್ಲಿ ರಿನಿ ಖನ್ನಾ. ಇಬ್ಬರೂ ದೂರದರ್ಶನದಲ್ಲಿ ಸುದ್ದಿ ಓದಿದವರು.

"ನಿನ್ನ ದನಿ ಎಲ್ಲೂ ಹಾಕಲಿಲ್ಲವಲ್ಲೋ" ಅಂದ ಸೀನ.

"ಹಾಕಿದ್ದೆ" ಅಂದ ಕೇಬಲ್. "'ಬಾಕಿ ಹಣ ಕಟ್ಟದಿದ್ದರೆ ಸಂಪರ್ಕ ಕಡಿತಗೊಳಿಸಲಾಗುವುದು' ಅಂತ ಎರಡು ವರ್ಷ ಅವನದೇ ಓಡಿಸಿದೆ. ಜನ 'ಅಣ ಕಟ್ಟಲ್ಲ, ಹಣ ಆದರೆ ಕಟ್ಟುತ್ತೀವಿ' ಅಂದರು."

ಅಷ್ಟರಲ್ಲಿ ಮೊಮ್ಮಗಳೇ ಸ್ಕೂಟರಿನಲ್ಲಿ ಬಂದಳು. ತಾತನಿಗೆ ತಿಂಡಿ ಹೊತ್ತಾಗಿತ್ತು. ನಾವು ಬಿಡುತ್ತೇವಾ? ನಾಲ್ವರೂ ಸಲಹೆ ಶುರು ಮಾಡಿದೆವು.

"ಯಾವ ಸೀರೆ ಉಡ್ತೀಯಮ್ಮ?" ಸೀನ ಕೇಳಿದ.

"ಅಜ್ಜಿಯ ಹಸಿರು ರೇಷ್ಮೆ, ಅಂಕಲ್."

"ಹಸಿರು ಬೇಡ!" ಅಂತ ನಾನೂ ಕೇಬಲ್ಲೂ ಒಟ್ಟಿಗೇ ಕೂಗಿದೆವು. ಈಗ ಹಿಂದೆ ಹಸಿರು ಪರದೆ ಬಿಟ್ಟಿರುತ್ತಾರೆ. ಕಂಪ್ಯೂಟರು ಹಸಿರು ಕಂಡ ಕಡೆಯೆಲ್ಲ ಬೇರೆ ಚಿತ್ರ ತುಂಬುತ್ತದೆ. ಹಸಿರು ಸೀರೆ ಉಟ್ಟರೆ ತಲೆ ಒಂದು ಗಾಳಿಯಲ್ಲಿ ತೇಲುತ್ತದೆ, ಸೀರೆ ಜಾಗದಲ್ಲಿ ವಿಧಾನಸೌಧ ನಿಂತಿರುತ್ತದೆ.

"ರಿಸೆಪ್ಷನ್ನಿನಲ್ಲಿ ಹೆಸರು ಸರಿಯಾಗಿ ಕೇಳಿಸಿಕೋಮ್ಮ" ಅಂದೆ ನಾನು. 2006ರ ಮೇ 8ರಂದು ಬಿಬಿಸಿಗೆ ಗೈ ಗೋಮಾ ಅನ್ನುವವರು ಕೆಲಸದ ಇಂಟರ್‌ವ್ಯೂಗೆ ಹೋಗಿದ್ದರು. ಅದೇ ಹೊತ್ತಿಗೆ ಗೈ ಕ್ಯೂನಿ ಅನ್ನುವ ತಜ್ಞರು ಚರ್ಚೆಗೆ ಬರಬೇಕಿತ್ತು. 'ಗೈ' ಅಂತ ಕರೆದರು, ಇವರು ಎದ್ದು ಹೋದರು. ಸೀದಾ ಲೈವ್! ಪಾಪ, ಗಾಬರಿಯಾದರೂ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಬಂದರು.

"ಕೆಲಸ ಸಿಕ್ತಾ ಅವರಿಗೆ?" ಅವಳು ಕೇಳಿದಳು.

"ಇಲ್ಲಮ್ಮ."

"ಈಗ ಮನುಷ್ಯರೇ ಬೇಡ ಅಂತಾರಲ್ಲ ಅಂಕಲ್. 2023ರಲ್ಲಿ ಕನ್ನಡದಲ್ಲೂ ಎಐ ಆಂಕರ್ ಬಂತು, ಸೌಂದರ್ಯ ಅಂತ ಹೆಸರಿಟ್ಟರು. ಅದಕ್ಕೆ ಸಂಬಳ ಬೇಡ, ರಜಾ ಬೇಡ, ತಪ್ಪೂ ಮಾಡಲ್ಲ."

"ತಪ್ಪು ಮಾಡದಿದ್ದರೆ ಜನ 25 ವರ್ಷ ಹೇಗಮ್ಮ ನೆನಪಿಟ್ಟುಕೊಳ್ಳುತ್ತಾರೆ? ಇವನನ್ನು ನೋಡು" ಅಂತ ಸೀನ ನನ್ನ ಬೆನ್ನು ತಟ್ಟಿದ.

ಮೇಷ್ಟ್ರು ಎದ್ದು ಮೊಮ್ಮಗಳ ಸ್ಕೂಟರಿನ ಹಿಂದೆ ಕೂತರು. ಹೊರಡುವ ಮುಂಚೆ ಅವಳ ಭುಜ ತಟ್ಟಿ ಹೇಳಿದರು.

"ಪುಟ್ಟಿ, ಓದೋಕೆ ಕೊಟ್ಟ ಹಾಳೆಗಳಿಗೆ ಮೊದಲು ನಂಬರ್ ಹಾಕಿಕೋ."

"ತಾತಾ, ಈಗ ಹಾಳೆ ಎಲ್ಲಿದೆ? ಟೆಲಿಪ್ರಾಂಪ್ಟರ್. ಕ್ಯಾಮೆರಾ ಮುಂದೆ ಗಾಜು ಇರುತ್ತೆ, ಅಕ್ಷರ ಅದರ ಮೇಲೆ ಬರುತ್ತೆ. ನಾವು ನೋಡಿ ಓದೋದು ಅಷ್ಟೇ."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ನನ್ನನ್ನು ನೋಡಿದರು, ಕೇಬಲ್‌ನನ್ನು ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನೋಡಿದರು.

"ಆಯಿತು. ಆದರೂ ಹೋದ ತಕ್ಷಣ ಫ್ಯಾನ್ ಆಫ್ ಮಾಡಿಸು."