ಹಾಡಲ್ಲ ಮಾರಾಯ, ಅದರ ಹಿಂದಿನದ್ದು!

ಭಾನುವಾರ ಬೆಳಗ್ಗೆ ವಾಕಿಂಗ್ ಅನ್ನೋ ನೆಪದಲ್ಲಿ ನಾವು ನಾಲ್ವರು ದರ್ಶಿನಿಯಲ್ಲಿ ಸೇರುತ್ತೇವೆ. ವಾಕಿಂಗ್ ಅಂದರೆ ಕೌಂಟರಿನಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಮತ್ತೆ ಕೌಂಟರಿಗೆ. ಮೊನ್ನೆ ಸೀನ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಾ ಕೇಳಿದ.

"ನಿಮಗೆಲ್ಲ ತುಂಬಾ ಇಷ್ಟವಾದ ಸಿನಿಮಾ ಮ್ಯೂಸಿಕ್ ಯಾವುದು? ಹಾಡು ಹೇಳಂಗಿಲ್ಲ. ಹಿಂದೆ ಬರುತ್ತಲ್ಲ, ಅದು."

"ಹಿಂದೆ ಅಂದ್ರೆ?"

"ಬಿಜಿಎಂ ಕಣೋ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್. ಹೀರೋ ಕಾರಿನಿಂದ ಒಂದು ಕಾಲು ಕೆಳಗಿಟ್ಟ ಕೂಡಲೇ ಬರುತ್ತಲ್ಲ."

ಕೇಳೋಕೆ ಸುಲಭ. ಆದರೆ ಹಾಡಾದರೆ ಪದ ಇರುತ್ತದೆ. ಬಿಜಿಎಂಗೆ ಇಡೀ ಆರ್ಕೆಸ್ಟ್ರಾವನ್ನು ಬಾಯಲ್ಲೇ ನುಡಿಸಬೇಕು. ಸೀನನೇ ಶುರು ಮಾಡಿದ. "ತಾರ ರಾರ ರಾ..." ವಡೆ ಇನ್ನೂ ಬಾಯಲ್ಲೇ ಇತ್ತು. ಮೂರ್ತಿ "ಗಂಧದ ಗುಡಿನಾ?" ಅಂದ. ಪಚ್ಚಿ ಹಿಂದೆ ತಿರುಗಿ, ಲಾರಿ ಏನಾದರೂ ರಿವರ್ಸ್ ಬರುತ್ತಿದೆಯಾ ಅಂತ ನೋಡಿದ. ನನಗೆ ಯಾವುದೋ ದೇವಸ್ಥಾನದ ಮೈಕಿನ ಹಾಗೆ ಕೇಳಿಸಿತು. ಸೀನನಿಗೆ ಸಿಟ್ಟು ಬಂತು. ವಡೆ ನುಂಗಿ, ನೀರು ಕುಡಿದು, ಇನ್ನೊಮ್ಮೆ ನುಡಿಸಿದ. ಈ ಸಲ ಟೇಬಲ್ ಒರೆಸುತ್ತಿದ್ದ ಹುಡುಗ ಬಟ್ಟೆ ಹಿಡಿದುಕೊಂಡೇ ನಿಂತು ಕೇಳಿದ.

"ಸಾರ್, ಅದು ಐಡಿಯಾ ಸಿಮ್ಮಿಂದು."

ಸೀನನ ಮುಖ ನೋಡಬೇಕಿತ್ತು. ಅವನು ನುಡಿಸಿದ್ದು ‘ಪಲ್ಲವಿ ಅನುಪಲ್ಲವಿ’ಯ ಥೀಮ್. 1983ರ ಚಿತ್ರ. ಮಣಿರತ್ನಂ ಮೊಟ್ಟಮೊದಲು ನಿರ್ದೇಶಿಸಿದ್ದು, ಅದೂ ಕನ್ನಡದಲ್ಲಿ, ಅನಿಲ್ ಕಪೂರನ್ನು ಹೀರೋ ಮಾಡಿಕೊಂಡು. ಅದಕ್ಕೆ ಇಳಯರಾಜ ಮಾಡಿದ ಆ ಪುಟ್ಟ ತುಣುಕೇ ಮುಂದೆ ಮೊಬೈಲ್ ಕಂಪನಿಯ ಗುರುತಾಯಿತು. ಪಾಪ, ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಅವನು ಹುಟ್ಟುವ ಹೊತ್ತಿಗೆ ಸಿನಿಮಾ ಟಾಕೀಸಿನಿಂದ ಹೋಗಿ ಎಷ್ಟೋ ಕಾಲವಾಗಿತ್ತು. ರಾಗ ಮಾತ್ರ ಊರವರ ಜೇಬಿನಲ್ಲಿ ಕೂತು ಕೂಗುತ್ತಿತ್ತು.

"ನಮ್ಮನೇಲೂ ಇದೇ ಗೋಳು" ಅಂದ ಮೂರ್ತಿ. ಮೊನ್ನೆ ಅವನು ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಕಿ ಕಣ್ಣು ಮುಚ್ಚಿಕೊಂಡು ಕೂತಿದ್ದನಂತೆ. ಮಗಳು ಬಂದು "ಅಪ್ಪಾ, ಇದು ಹಿಂದಿಯಿಂದ ಕದ್ದಿದ್ದು" ಅಂದಳಂತೆ. ‘ಗೀತಾ’ ಬಂದಿದ್ದು 1981ರಲ್ಲಿ. ಅದೇ ಟ್ಯೂನ್ ಇರೋ ‘ಚೀನಿ ಕಮ್’ ಬಂದಿದ್ದು 2007ರಲ್ಲಿ. ಎರಡಕ್ಕೂ ಇಳಯರಾಜರದ್ದೇ ಸಂಗೀತ. ತಮ್ಮ ಹಿತ್ತಲ ಕರಿಬೇವನ್ನು ತಾವೇ ಕಿತ್ತುಕೊಂಡಿದ್ದಾರೆ, ಅಷ್ಟೆ.

"26 ವರ್ಷ ಮುಂಚೆನೇ ಕದ್ದಿದ್ದಾರೆ ಅಂದ್ರೆ ನಮ್ಮ ಕಳ್ಳರು ಭಾರಿ ಜಾಣರು ಬಿಡು" ಅಂದ ಪಚ್ಚಿ.

"ಅದು ಹಾಡು. ಹಾಡು ಹೇಳಂಗಿಲ್ಲ ಅಂದಿದ್ದೆ" ಅಂತ ಸೀನ ಬೆರಳು ಎತ್ತಿದ. ಬೆರಳಿನಿಂದ ಸಾಂಬಾರು ತೊಟ್ಟಿಕ್ಕುತ್ತಿತ್ತು.

ನಾನು ‘ಮಾಲ್ಗುಡಿ ಡೇಸ್’ ಅಂದೆ. "ತಾನಾ ನ ತಾನ ನಾನ ನಾ" ಅಂತ ಶುರು ಮಾಡಿದ್ದೇ ತಡ, ನಾಲ್ವರೂ ಸೇರಿಕೊಂಡೆವು. ಪಕ್ಕದ ಟೇಬಲ್ಲಿನ ಯಜಮಾನರು ಇಡ್ಲಿ ಬಿಟ್ಟು ತಲೆ ಆಡಿಸಿದರು. ಎಲ್. ವೈದ್ಯನಾಥನ್ ಅವರ ಆ ಟ್ಯೂನಿಗೆ ಪದವೂ ಅದೇ, ರಾಗವೂ ಅದೇ. ಮರೆಯೋಕೆ ಜಾಗವೇ ಇಟ್ಟಿಲ್ಲ. ಶಂಕರ್ ನಾಗ್, ಆಗುಂಬೆ, ಸ್ವಾಮಿಯ ಟೋಪಿ ಎಲ್ಲ ಒಂದೇ ಏಟಿಗೆ ಕಣ್ಣ ಮುಂದೆ ಬಂತು.

"ಅದು ಸಿನಿಮಾ ಅಲ್ಲ. ಸೀರಿಯಲ್" ಅಂದ ಸೀನ. ಇಂಥವನಿಗೆ ಯಾಕೆ ಅಂಪೈರ್ ಕೆಲಸ ಕೊಟ್ಟೆವೋ.

ಪಚ್ಚಿ ಕುಂದಾಪುರದ ಕಡೆಯವನು. ಇಷ್ಟು ಹೊತ್ತು ಬನ್ಸ್ ತಿನ್ನುತ್ತಾ ಕಾಯುತ್ತಿದ್ದ. "ಕೆಜಿಎಫ್! ರವಿ ಬಸ್ರೂರು! ನಮ್ಮೂರಿನವರು!" ಅಂತ ಎದ್ದೇ ನಿಂತ. ಅವನ ಮನೆಗೂ ಬಸ್ರೂರಿಗೂ ಇರುವ ದೂರವನ್ನು ಅವನು ಪ್ರತಿ ಸಲ ಒಂದೊಂದು ಕಿಲೋಮೀಟರ್ ಕಡಿಮೆ ಮಾಡುತ್ತಾ ಬಂದಿದ್ದಾನೆ. ಇನ್ನೆರಡು ವರ್ಷಕ್ಕೆ ಒಂದೇ ಕಾಂಪೌಂಡ್ ಆಗುತ್ತದೆ. ಆಮೇಲೆ ನುಡಿಸಿ ತೋರಿಸಿದ ನೋಡಿ! ನೂರು ಜನರ ಕೋರಸ್ಸನ್ನು ಒಬ್ಬನೇ ಹಾಡಿ, ಡ್ರಮ್ಸ್ ಬಂದ ಕಡೆ ಟೇಬಲ್ಲಿಗೆ ಗುದ್ದಿದ. ನಾಲ್ಕು ಕಾಫಿ ಲೋಟ ಒಟ್ಟಿಗೆ ಎಗರಿದವು. ನನ್ನದು ಮಾತ್ರ ನೇರವಾಗಿ ಪ್ಯಾಂಟಿನ ಮೇಲೆ ಇಳಿಯಿತು. 2018ರಲ್ಲಿ ಥಿಯೇಟರಿನಲ್ಲಿ ಕೂಡ ಎದೆ ನಡುಗಿತ್ತು, ಸುಟ್ಟಿರಲಿಲ್ಲ.

ಗಲಾಟೆ ಅಡಗಿದ ಮೇಲೆ ಮೂರ್ತಿ ಕನ್ನಡಕ ಸರಿ ಮಾಡಿಕೊಂಡ. ಅಂದರೆ ಆರ್ಟ್ ಸಿನಿಮಾ ಬರುತ್ತಿದೆ ಅಂತ ಅರ್ಥ. "ಘಟಶ್ರಾದ್ಧ. ಬಿ.ವಿ. ಕಾರಂತರು. 1977. ಅದಕ್ಕೆ ಮುಂಚಿನ ವರ್ಷ ಋಷ್ಯಶೃಂಗ. ಎರಡಕ್ಕೂ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ. ನಿಮಗೆಲ್ಲ ಸದ್ದು ಮಾಡಿದರೆ ಮಾತ್ರ ಸಂಗೀತ. ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿರೋದೇ ದೊಡ್ಡ ಸಂಗೀತ."

"ಹಂಗಾದ್ರೆ ಸ್ವಲ್ಪ ನುಡಿಸಿ ತೋರಿಸು" ಅಂದ ಪಚ್ಚಿ.

ಮೂರ್ತಿ ಐದು ನಿಮಿಷ ಮಾತಾಡಲಿಲ್ಲ. ನಿಜಕ್ಕೂ ಹಿತವಾಗಿತ್ತು.

ನಗುತ್ತಾ ಹೇಳಿದರೂ ಮೂರ್ತಿ ಮಾತು ನನಗೆ ಒಪ್ಪಿಗೆ. ಸಿನಿಮಾದವರು ಇದಕ್ಕೆ ರೀರೆಕಾರ್ಡಿಂಗ್ ಅನ್ನುತ್ತಾರೆ. ಚಿತ್ರ ಎಡಿಟ್ ಆದ ಮೇಲೆ ಪರದೆ ನೋಡುತ್ತಾ ಸಂಗೀತ ಕೂರಿಸುವ ಕೆಲಸ. ಊಟಕ್ಕೆ ಉಪ್ಪು ಹಾಕಿದ ಹಾಗೆ, ಹದವಾಗಿದ್ದರೆ ಯಾರೂ ಅದರ ಮಾತೆತ್ತಲ್ಲ. ಈಗಿನ ಕೆಲವು ಚಿತ್ರಗಳಲ್ಲಿ ಹೀರೋ ಹಲ್ಲುಜ್ಜಿದರೂ ನಗಾರಿ ಬಾರಿಸುತ್ತಾರೆ. ಪಕ್ಕದವರಿಗೆ ಪಾಪ್‌ಕಾರ್ನ್ ಕೊಡು ಅನ್ನೋಕೂ ಸನ್ನೆ ಮಾಡಬೇಕು.

ಬಿಜಿಎಂನ ನಿಜವಾದ ಪಂಡಿತರು ಅಂದರೆ ನಮ್ಮಮ್ಮ. ಸಂಜೆ ಸೀರಿಯಲ್ ಹೊತ್ತಲ್ಲಿ ಅವರು ಇರೋದು ಅಡುಗೆಮನೆಯಲ್ಲಿ, ಟೀವಿ ಇರೋದು ಹಾಲಿನಲ್ಲಿ. ಒಗ್ಗರಣೆ ಸಿಡಿಯುತ್ತಿರುತ್ತದೆ. ಢಂ ಢಂ ಢಂ ಅಂತ ಮೂರು ಸಲ ಬಂದರೆ "ನಾದಿನಿಗೆ ಗೊತ್ತಾಗೋಯ್ತು" ಅನ್ನುತ್ತಾರೆ. ಕೊಳಲು ಬಂದರೆ "ತವರಿಗೆ ಹೋದ್ಲು". ವೀಣೆಯ ತಂತಿ ಕಿತ್ತ ಹಾಗೆ ಸದ್ದಾದರೆ "ಅಯ್ಯೋ, ಕುಂಕುಮ ಚೆಲ್ತು" ಅಂತ ಸೌಟು ಕೆಳಗಿಡುತ್ತಾರೆ. ಇಣುಕಿಯೂ ನೋಡಲ್ಲ. ಇದುವರೆಗೆ ಒಂದೂ ತಪ್ಪಿಲ್ಲ.

ಅವತ್ತು ದರ್ಶಿನಿಯಲ್ಲಿ ತೀರ್ಮಾನ ಆಗಲಿಲ್ಲ. ಬಿಲ್ಲು ಮಾತ್ರ ಆಯಿತು. ಮನೆಗೆ ಬಂದು ಕಾಫಿ ಕಲೆಯಾದ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದೆ. ಸೀನ ಹತ್ತಿಸಿದ ಆ ತುಣುಕು ತಲೆಯಿಂದ ಇಳಿದಿರಲಿಲ್ಲ. ನನಗೇ ಗೊತ್ತಿಲ್ಲದ ಹಾಗೆ ಗುನುಗುತ್ತಿದ್ದೆ. ಶ್ರುತಿ, ತಾಳ ಎಲ್ಲ ಸರಿಯಾಗಿ ಕೂತಿತ್ತು ಅಂತ ಈಗಲೂ ನನ್ನ ನಂಬಿಕೆ.

ಅಡುಗೆಮನೆಯಿಂದ ಅಮ್ಮ ಕೂಗಿದರು. "ಆವಾಗಿಂದ ಫೋನ್ ಹೊಡ್ಕೊಳ್ತಿದೆ. ಎತ್ತೋ ಯಾರಾದ್ರೂ!"