ಹಳೇ ಟ್ಯೂಬ್ ಆಂಪ್‌ನ ಅಮೆರಿಕಾದಿಂದ ಬೆಂಗಳೂರಿಗೆ ತರೋದಾ, ಅಲ್ಲೇ ಮಾರೋದಾ?

ಆರುತಂತಿ:
ಎಲ್ರಿಗೂ ನಮಸ್ಕಾರ. ಜೂನ್‌ನಲ್ಲಿ ನ್ಯೂಜೆರ್ಸಿ ಬಿಟ್ಟು ಬೆಂಗಳೂರಿಗೆ ವಾಪಸ್ ಬರ್ತಿದೀವಿ. ನನ್ ಹತ್ರ 70ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ ಇದೆ, ಸಿಲ್ವರ್‌ಫೇಸ್ (ಮುಂದಿನ ಪಟ್ಟಿ ಬೆಳ್ಳಿ ಬಣ್ಣದ್ದು), 22 ವಾಟ್, 12 ಇಂಚಿನ ಒಂದೇ ಸ್ಪೀಕರ್. ಮಾರ್ಬಿಡು, ಅಲ್ಲಿ ಡಿಜಿಟಲ್ ಆಂಪ್ ತಗೋ ಅಂತಾರೆ ಎಲ್ರೂ. ಆದ್ರೆ ವಾಲ್ಯೂಮ್ ಐದರ ಹತ್ರ ಇಟ್ಟು ಮೆಲ್ಲಗೆ ಮೀಟಿದ್ರೆ ಗಂಟೆ ಥರ ತಿಳಿಯಾಗಿ ಬರತ್ತೆ, ಅದೇ ತಂತೀನ ಜೋರಾಗಿ ಹೊಡೆದ್ರೆ ಒಡೆದು ಗುರುಗುಡತ್ತೆ, ಎಲ್ಲಾ ನನ್ನ ಬಲಗೈ ಮೇಲೆ, ಅದನ್ನ ಬಿಟ್ಟುಕೊಡೋಕೆ ಮನಸ್ಸು ಬರ್ತಿಲ್ಲ. ನಮ್ಮ ಕರೆಂಟಲ್ಲಿ ಓಡತ್ತಾ? ವಾಲ್ವ್, ಅಂದ್ರೆ ಒಳಗಿನ ಟ್ಯೂಬ್, ಹೋದ್ರೆ ಏನ್ ಗತಿ?

ವಾಲ್ವ್‌ರೇಡಿಯೋ:
ಮಾರಬೇಡಿ ಸಾರ್. ಅದು 120 ವೋಲ್ಟಿಂದು, ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗತ್ತೆ, ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 300 ವಿಎ ಇದ್ರೆ ಆರಾಮು. ಎಸ್‌ಪಿ ರೋಡಲ್ಲಿ ಕೇಳಿ, ಆದ್ರೆ ಔಟ್‌ಪುಟ್ ಎರಡೇ ಪಿನ್ನಿಂದು ಕೊಟ್ರೆ ತಗೋಬೇಡಿ, ಅರ್ಥಿಂಗ್ ಅಲ್ಲೇ ಕಟ್ ಆಗಿರತ್ತೆ, ಕೈಲಿ ಲೋಹದ ತಂತಿ ಹಿಡ್ಕೊಂಡು ನುಡಿಸೋರು ನೀವು. ಅಲ್ಲಿ 60 ಹರ್ಟ್ಸ್, ಇಲ್ಲಿ 50, ಹಾಗಾಗಿ ಪವರ್ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿ ಆಗತ್ತೆ, 110 ಔಟ್‌ಪುಟ್ ಇರೋದು ತಗೊಂಡ್ರೆ ಅದೂ ಕಮ್ಮಿ ಆಗತ್ತೆ.

ಹೊರಡೋ ಮುಂಚೆ ಅಲ್ಲೇ ಒಳ್ಳೇ ಟೆಕ್ನಿಷಿಯನ್ ಹತ್ರ ಫಿಲ್ಟರ್ ಕೆಪಾಸಿಟರ್ ಎಲ್ಲಾ ಬದಲಾಯ್ಸಿ ಬಯಾಸ್ ಮಾಡ್ಸಿ, ಅಂದ್ರೆ ಪವರ್ ವಾಲ್ವ್‌ಲಿ ಹರಿಯೋ ಕರೆಂಟ್ ಸರಿಹೊಂದಿಸ್ಕೊಳ್ಳಿ. ಅವು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಐವತ್ತು ವರ್ಷಕ್ಕೆ ಒಣಗಿರತ್ತೆ. ನೀವಾಗಿ ಮಾತ್ರ ಬಿಚ್ಚಬೇಡಿ, ಒಳಗೆ 400 ವೋಲ್ಟ್ ಮೇಲಿರತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಉಳ್ಕೊಂಡಿರತ್ತೆ.

ವಾಲ್ವ್‌ಗೆ ಚಿಂತೆ ಬೇಡ, ಅದಕ್ಕೆ ಬೇಕಾದ 6ವಿ6, 12ಎಎಕ್ಸ್7 ಎಲ್ಲಾ ಸ್ಲೊವಾಕಿಯಾ, ರಷ್ಯಾದಲ್ಲಿ ಇವತ್ತಿಗೂ ತಯಾರಾಗತ್ತೆ, ಬರ್ತಾ ಒಂದು ಸೆಟ್ ತನ್ನಿ. ಒಂದು ಕಾಲದಲ್ಲಿ ನಮ್ಮ ಜಾಲಹಳ್ಳಿ ಬಿಇಎಲ್‌ನಲ್ಲೇ ವಾಲ್ವ್ ಮಾಡ್ತಿದ್ರು, ಇಸಿಸಿ83 ಅಂತ ಬರೆದಿರೋದು ಎಲ್ಲಾದ್ರೂ ಸಿಕ್ರೆ ಬಿಡಬೇಡಿ, ಅದೇ ನಿಮ್ಮ 12ಎಎಕ್ಸ್7.

ಕಡಲತೀರ:
ನಾನು ಮಂಗಳೂರಲ್ಲಿ ಹಳೇ ಫೆಂಡರ್ ಇಟ್ಟಿದೇನೆ. ಮಳೆಗಾಲದಲ್ಲಿ ತೊಂದರೆ ಉಂಟು, ಒಳಗಿನ ಕಪ್ಪು ಫೈಬರ್ ಬೋರ್ಡ್ ತೇವ ಹೀರಿಕೊಂಡು ಕರೆಂಟ್ ಲೀಕ್ ಮಾಡ್ತದೆ, ಪಟಪಟ ಶಬ್ದ ಬರ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಟ್ರೆ ಬೆಚ್ಚಗೆ ಇರ್ತದೆ. ಬೆಂಗಳೂರಲ್ಲಿ ಅಷ್ಟು ತೇವ ಇಲ್ಲ.

ಮೂರನೇಮಹಡಿ:
ನಾನು ಒಪ್ಪಲ್ಲ. 22 ವಾಟ್ ಅಂದ್ರೆ ಕಮ್ಮಿ ಅನ್ಸತ್ತೆ, ಆದ್ರೆ ಅವರು ಹೇಳೋ ಐದರಲ್ಲಿ ಅದು ಡ್ರಮ್ಸ್ ಪಕ್ಕ ನಿಲ್ಲೋ ಸೌಂಡು, ಅಪಾರ್ಟ್‌ಮೆಂಟಲ್ಲಿ ಎರಡು ದಾಟಿದ್ರೆ ಪಕ್ಕದ ಮನೆಯವರು ಬಾಗಿಲು ಬಡೀತಾರೆ, ಎರಡರಲ್ಲಿ ಆ ಒಡೆಯೋ ಸೌಂಡ್ ಬರೋದೇ ಇಲ್ಲ. ನಾನು ಇದೇ ಕಾರಣಕ್ಕೆ ನಂದು ಕೊಟ್ಟುಬಿಟ್ಟೆ, ಇವತ್ತಿಗೂ ಬೇಜಾರಿದೆ.

ವಾಲ್ವ್‌ರೇಡಿಯೋ:
ಅದು ನಿಜ. ಆದ್ರೆ ಆಂಪ್ ಮತ್ತೆ ಸ್ಪೀಕರ್ ಮಧ್ಯೆ ಅಟೆನ್ಯುಯೇಟರ್ ಹಾಕ್ಕೊಳ್ಳಿ, ಪವರ್ ವಾಲ್ವ್ ದುಡೀತಾನೇ ಇರತ್ತೆ, ಹೊರಗೆ ಸೌಂಡ್ ಮಾತ್ರ ಕಮ್ಮಿ. ತುಂಬಾ ಇಳಿಸಿದ್ರೆ ಮಂಕಾಗತ್ತೆ, ಸ್ವಲ್ಪ ಇಳಿಸಿದ್ರೆ ಚೆನ್ನಾಗಿರತ್ತೆ. ಸ್ಪೀಕರ್ ವೈರ್ ಕಿತ್ತು ಯಾವತ್ತೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗತ್ತೆ.

ಆರುತಂತಿ:
ತುಂಬಾ ಥ್ಯಾಂಕ್ಸ್. ಈಗ ತೂಕ ಹಾಕ್ದೆ, 19 ಕೆಜಿ, ಅಂದ್ರೆ ಚೆಕ್‌ಇನ್‌ನ 23 ಕೆಜಿ ಒಳಗೇ ಪ್ಯಾಕ್ ಮಾಡಬಹುದು. ವಾಲ್ವ್ ಒಂಬತ್ತೂ ತೆಗೆದು ಬಟ್ಟೆ ಸುತ್ತಿ ಕೈಚೀಲದಲ್ಲಿ ತರ್ತೀನಿ. ಶನಿವಾರ ಟೆಕ್ನಿಷಿಯನ್‌ಗೆ ಟೈಮ್ ತಗೊಂಡಿದೀನಿ. ನನ್ ಸ್ಪೀಕರ್ ಎಂಟು ಓಮ್ಸ್‌ದು, ಅಟೆನ್ಯುಯೇಟರೂ ಎಂಟು ಓಮ್ಸ್‌ದೇ ತಾನೇ ತಗೋಬೇಕು?