ಸಮಸ್ಯೆ: ತಂದೆಯಿರದೂರಿನಲಿ ತೊಟ್ಟಿಲೊಸಗೆ

ಈ ವಾರದ ಸಮಸ್ಯೆ ಪಂಚಮಾತ್ರಾ ಚೌಪದಿಯ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯ) ಕೊನೆಯ ಪಾದ. ಮೊದಲ ಮೂರು ಪಾದ ಬರೆದು ಪೂರಣ ಮಾಡಿ. ಆದಿಪ್ರಾಸ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ಪ್ರಾಸ, ತಪ್ಪಬಾರದು, ವಸ್ತು ನಿಮ್ಮಿಷ್ಟ.

ತಂದೆಯಿರದೂರಿನಲಿ ತೊಟ್ಟಿಲೊಸಗೆ

*

ಮನಸ್ಸು ಮೊದಲು ಭಾರತದ ಕಡೆಗೇ ಹೊರಳಿತು. ನನ್ನ ಪೂರಣ:

ನೊಂದ ಪಾಂಡವಕುಲಕೆ ಕುಡಿಯೊಂದು ಚಿಗುರಿತೈ
ಸಂದಿರಲು ರಣದೊಳಗೆ ಪಾರ್ಥತನಯ
ಕಂದನುತ್ತರೆಗಾಗೆ ಹಸ್ತಿನಾಪುರದೊಳಗೆ
ತಂದೆಯಿರದೂರಿನಲಿ ತೊಟ್ಟಿಲೊಸಗೆ

*

ರಾಯರೇ, ‘ಕಂದನುತ್ತರೆಗಾಗೆ’ ಎಂಬ ಎತ್ತುಗಡೆ ಬಹಳ ಸೊಗಸಾಗಿದೆ. ಆದರೆ ಅಲ್ಲಿ ಇಲ್ಲವಾದವನು ಒಂದು ಕೂಸಿನ ತಂದೆ ಮಾತ್ರ. ಸಮಸ್ಯೆ ಕೇಳುತ್ತಿರುವುದು ಊರಿಗೆ ಊರೇ ತಂದೆಯಿಲ್ಲದ ಸ್ಥಿತಿಯನ್ನು. ಅಂಥ ಊರು ಆಸ್ಟ್ರೇಲಿಯಾದ ಪೂರ್ವದ ಬೆಟ್ಟಕಾಡುಗಳಲ್ಲಿದೆ. ಆಂಟಿಕೈನಸ್ ಎಂಬ ಪುಟ್ಟ ಪ್ರಾಣಿ ನೋಡಲು ಇಲಿ. ಕುಲದಲ್ಲಿ ಕಾಂಗರೂವಿನ ದೂರದ ನೆಂಟ. ಹಗಲಿರುಳೆನ್ನದೆ ಎಲೆಗೊಬ್ಬರ ಕೆದಕಿ ಜೀರುಂಡೆ, ಜೇಡಗಳನ್ನು ತಿನ್ನುವ ಬೇಟೆಗಾರ.

ಒಂದು ಮಾಗಿಯ ಬೇಟ ಗಂಡುಕುಲವನೆ ಕೊಲಲು
ಮುಂದೆ ಮಂಜಿನ ಮಲೆಯ ಪೊಟರೆಯೊಳಗೆ
ಬಂದುವೈ ಕಾಳಿನೊಲು ಕೂಸುಗಳು ತಾಯ್ಮೊಲೆಗೆ
ತಂದೆಯಿರದೂರಿನಲಿ ತೊಟ್ಟಿಲೊಸಗೆ

‘ಬೇಟ’ ಎಂದದ್ದು ಬೇಟೆಯನ್ನಲ್ಲ, ಕೂಟದ ಮೋಹವನ್ನು. ‘ಕಾಳು’ ಎಂದದ್ದು ಅಕ್ಕಿಕಾಳನ್ನು. ಹುಟ್ಟಿದ ಮರಿಯ ಗಾತ್ರ ಅಷ್ಟೇ. ಸುಮಾರು ಐದು ವಾರ ಅದು ಮೊಲೆತೊಟ್ಟನ್ನು ಕಚ್ಚಿಕೊಂಡೇ ಇರುತ್ತದೆ. ತೊಟ್ಟು ಸಿಗದ ಮರಿ ಉಳಿಯುವುದಿಲ್ಲ.

*

ಗಂಡುಗಳೆಲ್ಲ ಒಟ್ಟಿಗೇ ಸಾಯುತ್ತವೆಯೇ? ಓದಿ ಮೈ ಜುಮ್ಮೆಂದಿತು. ಅದೇ ವಸ್ತುವಿನ ಮೇಲೆ:

ಇಂದು ಬಿತ್ತಿದ ಬೆಳೆಗೆ ನಾಳೆ ಬಾಳಿರಲೆಂದು
ಸಂದುದೈ ಸವೆದ ಮೈ ಗಂಡುಗಡಣ
ಮಂದಮಾರುತದೊಡನೆ ಹುಳುಹುಪ್ಪಟೆಗಳೇಳೆ
ತಂದೆಯಿರದೂರಿನಲಿ ತೊಟ್ಟಿಲೊಸಗೆ

*

ಹೌದು ಅಕ್ಕಾ, ಒಂದೂ ಉಳಿಯುವುದಿಲ್ಲ. ವರ್ಷ ತುಂಬುವ ಮೊದಲೇ ಸಾಯುತ್ತವೆ. ಕೂಡುವ ಕಾಲ ಬರುವ ಹೊತ್ತಿಗೆ ಅವುಗಳ ಮೈಯಲ್ಲಿ ವೀರ್ಯಾಣು ತಯಾರಾಗುವುದೇ ನಿಂತಿರುತ್ತದೆ. ಕೂಡಿಟ್ಟಷ್ಟೇ ಬಂಡವಾಳ. ಒಂದೊಂದು ಕೂಟ 14 ಗಂಟೆಯವರೆಗೂ ನಡೆಯುವುದುಂಟು. ಏರಿದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿಯುವುದೇ ಇಲ್ಲ. ರೋಗ ತಡೆಯುವ ಶಕ್ತಿ ಕುಸಿದು, ಹೊಟ್ಟೆ ಹುಣ್ಣಾಗಿ ರಕ್ತ ಸೋರಿ, ಕೂದಲುದುರಿದ ಗಂಡು ಆಗಲೂ ಹೆಣ್ಣನ್ನು ಅರಸುತ್ತ ಅಲೆಯುತ್ತಿರುತ್ತದೆ. ‘ಸವೆದ ಮೈ’ ಎಂಬ ಎರಡು ಪದದಲ್ಲಿ ಇದಿಷ್ಟೂ ಬಂದಿದೆ. ಹುಳುಗಳ ಮಾತೂ ಸರಿ: ಮರಿಗಳು ಮೊಲೆ ಬಿಡುವ ಹೊತ್ತಿಗೆ ಕಾಡಿನಲ್ಲಿ ಹುಳುಗಳ ಸುಗ್ಗಿ.

ನನಗೆ ಒಪ್ಪಿಗೆಯಾಗದ್ದು ‘ಬಾಳಿರಲೆಂದು’ ಮಾತ್ರ. ಅದು ಸಾವನ್ನು ತ್ಯಾಗವಾಗಿಸುತ್ತದೆ. ಮರಿಗಳಿಗೆ ಆಹಾರ ಉಳಿಯಲೆಂದು ಗಂಡುಗಳು ಸಾಯುತ್ತವೆ ಎಂಬ ಊಹೆ ಹಿಂದೆ ಇತ್ತು. 2013ರಲ್ಲಿ ಜೀವವಿಜ್ಞಾನಿ ಡಯಾನಾ ಫಿಶರ್ ಮತ್ತು ಸಂಗಡಿಗರು ಬೇರೆ ಕಾರಣ ತೋರಿಸಿದರು: ಹೆಣ್ಣುಗಳೆಲ್ಲ ಒಂದೇ ಕಿರು ಅವಧಿಯಲ್ಲಿ ಬೆದೆಗೆ ಬರುವುದರಿಂದ, ಇದ್ದಬದ್ದದ್ದನ್ನೆಲ್ಲ ಆಗಲೇ ಸುರಿದ ಗಂಡಿನ ಸಂತಾನವೇ ಹೆಚ್ಚಾಗುತ್ತದೆ. ಪೈಪೋಟಿಯನ್ನು ಪೈಪೋಟಿಯಾಗಿಯೇ ಹಾಡೋಣ. ಮೊದಲ ಪಾದ ಹೀಗಿದ್ದರೆ ಹೇಗೆ?

ಒಂದೆ ಋತುವಿಗೆ ಬಾಳನೆಲ್ಲವನು ಸುರಿದಿಟ್ಟು

*

ಒಪ್ಪಿದೆ, ಮಾತ್ರೆಯೂ ಕೂಡಿತು. ಇವು ಯಾವ ಬೆಟ್ಟದವು?

*

ಹಲವು ಜಾತಿಗಳಿವೆ. ನನ್ನ ಮನಸ್ಸಿನಲ್ಲಿದ್ದದ್ದು ಕ್ವೀನ್ಸ್‌ಲ್ಯಾಂಡಿನ ಸ್ಪ್ರಿಂಗ್‌ಬ್ರೂಕ್ ಎತ್ತರದ ಕಪ್ಪು ಬಾಲದ ಜಾತಿ. 2014ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಆರಿದ ಜ್ವಾಲಾಮುಖಿಯೊಂದರ ಅಂಚಿನ ತಂಪು ಮಳೆಕಾಡೇ ಅದರ ನೆಲೆ. ಕಾಡು ಬಿಸಿಯಾದರೆ ಇನ್ನೂ ಮೇಲೆ ಹತ್ತಲು ಬೆಟ್ಟವೇ ಇಲ್ಲ. ಆ ಸಂಕಟಕ್ಕೂ ಒಂದು ಪದ್ಯ ಬೇಕು. ಹೆಣ್ಣಿನ ಕಡೆಯಿಂದಲೂ ಪೂರಣ ಬರಲಿ: ಒಂದೇ ಸೂಲಿನ ಮರಿಗಳಿಗೆ ಹಲವು ತಂದೆಯರಿರುವುದುಂಟು, ಕೆಲವು ತಾಯಂದಿರು ಎರಡನೆಯ ಮಾಗಿಯನ್ನೂ ಕಾಣುತ್ತಾರೆ.